ಬರೀ ಕ್ಯಾಬಿನ್ ಬ್ಯಾಗ್, ಜೊತೆಗೆ ಅಮ್ಮನ ಇನ್ಸುಲಿನ್: ಸೆಕ್ಯುರಿಟಿ ಚೆಕ್‌ಗೆ ಹೇಗೆ ತಯಾರಾಗೋದು?

ಸಂಜೆಮಳೆ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ದೂರದ ಪ್ರಯಾಣ ಹೊರಟಿದ್ದೇನೆ. ಮಧ್ಯೆ ಒಂದು ಕಡೆ ವಿಮಾನ ಬದಲಿಸಬೇಕು. ಅಲ್ಲಿ ಸಿಗುವ ಸಮಯ ಕಡಿಮೆ. ಅದಕ್ಕೇ ಚೆಕ್-ಇನ್ ಲಗೇಜ್ ಬೇಡ, ಇಬ್ಬರಿಗೂ ಒಂದೊಂದು ಕ್ಯಾಬಿನ್ ಬ್ಯಾಗ್ ಸಾಕು ಅಂತ ತೀರ್ಮಾನಿಸಿದ್ದೇವೆ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಪೆನ್, ಸೂಜಿ, ಮೀಟರ್ ಎಲ್ಲ ಕೈಯಲ್ಲೇ ಇರಬೇಕು. ಕೈಕೋಲು ಹಿಡಿದು ನಡೆಯುತ್ತಾರೆ. ಕೂತಲ್ಲಿ ಸುಮ್ನೆ ಇರುವವರಲ್ಲ, ಹೆಣಿಗೆ ಕಡ್ಡಿ ಬೇಕೇ ಬೇಕು. ನನ್ನ ಬಳಿ ಲ್ಯಾಪ್‌ಟಾಪ್, ಒಂದು ದೊಡ್ಡ ಪವರ್ ಬ್ಯಾಂಕ್, ಮಾಮೂಲಿ ಕ್ರೀಮು, ಶಾಂಪೂ ಇವೆ.

ಒಂದೊಂದು ಕಡೆ ಒಂದೊಂದು ನಿಯಮ ಬರೆದಿದ್ದಾರೆ. ಓದಿದಷ್ಟೂ ಗೊಂದಲ. ನನಗೆ ಮುಖ್ಯ ಚಿಂತೆ ಅಮ್ಮನದು. ಯಾರಾದರೂ ಗಡಿಬಿಡಿ ಮಾಡಿದರೆ ಅವರು ಗಾಬರಿಯಾಗುತ್ತಾರೆ. ಸಾಲಿನಲ್ಲಿ ಬ್ಯಾಗ್ ಬಿಚ್ಚಿಸಿ ಎಲ್ಲರೆದುರು ಸಾಮಾನು ಹರಡುವ ಪರಿಸ್ಥಿತಿ ಅವರಿಗೆ ಬರಬಾರದು. ಅನುಭವ ಇರುವವರು ಹೇಳಿ.

ನೀಲಿಚೀಲ:

ಲಿಕ್ವಿಡ್ ವಿಷಯ ಮೊದಲು ಮುಗಿಸೋಣ. ನೀವು ಹೊರಡುವ ನಿಲ್ದಾಣ, ವಿಮಾನ ಬದಲಿಸುವ ನಿಲ್ದಾಣ, ವಾಪಸ್ ಬರುವಾಗ ಹತ್ತುವ ನಿಲ್ದಾಣ, ಈ ಮೂರರಲ್ಲಿ ಯಾವುದು ಜಾಸ್ತಿ ಬಿಗಿಯೋ ಅದಕ್ಕೆ ತಕ್ಕಂತೆ ಬ್ಯಾಗ್ ಕಟ್ಟಿ. ವಾಪಸ್ ಬರುವ ದಾರಿಯನ್ನು ಹೆಚ್ಚಿನವರು ಮರೆಯುತ್ತಾರೆ.

ಬಹುತೇಕ ಕಡೆ ನಡೆಯುವ ಲೆಕ್ಕ ಹೀಗಿದೆ. ಒಂದೊಂದು ಬಾಟಲಿ 100 ಎಂಎಲ್ ಮೀರಬಾರದು. ಎಲ್ಲ ಸೇರಿ 1 ಲೀಟರ್ ಹಿಡಿಯುವ ಒಂದೇ ಪಾರದರ್ಶಕ ಜಿಪ್ ಚೀಲದಲ್ಲಿ ಕೂರಬೇಕು. ಸುಮಾರು 20 ಸೆಂಟಿಮೀಟರ್ ಅಗಲ, ಅಷ್ಟೇ ಉದ್ದದ ಚೀಲ. ಅವರು ನೋಡುವುದು ಬಾಟಲಿಯ ಮೇಲೆ ಬರೆದ ಅಳತೆಯನ್ನು. 200 ಎಂಎಲ್ ಬಾಟಲಿಯ ತಳದಲ್ಲಿ ಎರಡು ಚಮಚ ಶಾಂಪೂ ಉಳಿದಿದ್ದರೂ ಅದು 200 ಎಂಎಲ್ ಬಾಟಲಿಯೇ.

ಟೂತ್‌ಪೇಸ್ಟ್, ಜೆಲ್, ಕ್ರೀಮ್, ಸ್ಪ್ರೇ, ಜಾಮ್, ಜೇನುತುಪ್ಪ ಎಲ್ಲ ಲಿಕ್ವಿಡ್ ಲೆಕ್ಕಕ್ಕೇ ಬರುತ್ತವೆ. ಪಾತ್ರೆಗೆ ಹಾಕಿದರೆ ಅದರ ಆಕಾರಕ್ಕೆ ಹರಡಿಕೊಳ್ಳುತ್ತದೆ ಅಂತಾದರೆ ಲಿಕ್ವಿಡ್ ಅಂತಲೇ ಇಟ್ಟುಕೊಳ್ಳಿ. ನನ್ನ ಸಲಹೆ ಕೇಳಿದರೆ ಆದಷ್ಟು ಗಟ್ಟಿ ಸಾಮಾನಿಗೆ ಬದಲಾಗಿ. ಸೋಪು, ಶಾಂಪೂ ಬಾರ್, ಕಡ್ಡಿಯಂತಹ ಡಿಯೋಡರೆಂಟ್. ಆ ಜಿಪ್ ಚೀಲ ಅರ್ಧಕ್ಕರ್ಧ ಖಾಲಿಯಾಗುತ್ತದೆ. ಹಲ್ಲುಪುಡಿಯೂ ಒಳ್ಳೆಯದೇ. ಪುಡಿಗೂ ಕೆಲವು ಕಡೆ ಮಿತಿ ಇದೆ, ಆದರೆ ಅದು ದೊಡ್ಡ ಡಬ್ಬಿಗಳ ಮಾತು. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 2018ರ ಜೂನ್‌ನಿಂದ ಸುಮಾರು 350 ಎಂಎಲ್ ಡಬ್ಬಿಗಿಂತ ಜಾಸ್ತಿ ಪುಡಿ ಇದ್ದರೆ ಬೇರೆಯಾಗಿ ತಪಾಸಣೆ ಮಾಡುತ್ತಾರೆ.

ಖಾಲಿ ನೀರಿನ ಬಾಟಲಿ ಒಯ್ಯಲು ಅಡ್ಡಿಯಿಲ್ಲ. ಒಳಗೆ ಹೋದ ಮೇಲೆ ತುಂಬಿಸಿಕೊಳ್ಳಿ.

ದಾರಿಹೋಕ:

ನನಗೆ ಇವತ್ತಿಗೂ ಅರ್ಥವಾಗದ ವಿಷಯ ಇದು. 100 ಎಂಎಲ್ ಅಪಾಯ ಅಲ್ಲ, 110 ಎಂಎಲ್ ಅಪಾಯ ಅಂದರೆ ಹೇಗೆ? ಒಂದು ನಿಲ್ದಾಣದಲ್ಲಿ ಲ್ಯಾಪ್‌ಟಾಪ್ ತೆಗೆಯಿರಿ ಅಂತಾರೆ, ಇನ್ನೊಂದರಲ್ಲಿ ಯಾಕೆ ತೆಗೆದಿರಿ ಅಂತ ರೇಗುತ್ತಾರೆ. ಒಂದು ಕಡೆ ಶೂ ಬಿಚ್ಚಬೇಕು, ಇನ್ನೊಂದು ಕಡೆ ಬೇಡ. ಜನ ನಿಯಮ ಪಾಲಿಸಲು ತಯಾರಿದ್ದಾರೆ. ಆದರೆ ಯಾವ ನಿಯಮ ಅಂತ ಸಾಲಿನ ಕೊನೆ ತಲುಪುವವರೆಗೂ ಗೊತ್ತಾಗುವುದಿಲ್ಲ. ವಯಸ್ಸಾದವರಿಗೆ ಇದು ನಿಜವಾಗಿ ಹಿಂಸೆ. ಸಂಜೆಮಳೆ ಅವರ ಆತಂಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೂರನೇಪಾಳಿ:

ನಾನು ಬಹಳ ವರ್ಷ ಸ್ಕ್ಯಾನರ್ ಪರದೆಯ ಮುಂದೆ ಕೂತು ಕೆಲಸ ಮಾಡಿದವನು. ಈಗ ಆ ಕೆಲಸದಲ್ಲಿ ಇಲ್ಲ. ದಾರಿಹೋಕ ಅವರ ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

2006ರ ಆಗಸ್ಟ್‌ನಲ್ಲಿ ಬ್ರಿಟನ್ ಪೊಲೀಸರು ಒಂದು ಸಂಚು ಬಯಲಿಗೆಳೆದರು. ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ಒಯ್ಯುವ ಯೋಜನೆ ಅದು. ಅದರ ಮೂಲ ವಸ್ತು ಹೈಡ್ರೋಜನ್ ಪೆರಾಕ್ಸೈಡ್. ಆ ಮೊದಲ ದಿನಗಳಲ್ಲಿ ಬ್ರಿಟನ್‌ನಿಂದ ಹೊರಡುವವರು ಪಾಸ್‌ಪೋರ್ಟ್, ಪರ್ಸು, ಔಷಧಿಯಂತಹ ತೀರಾ ಅಗತ್ಯದ ವಸ್ತುಗಳನ್ನು ಪಾರದರ್ಶಕ ಚೀಲದಲ್ಲಿ ಹಾಕಿಕೊಂಡು ಹತ್ತಬೇಕಾಗಿತ್ತು. ಕೈಚೀಲವೇ ಇಲ್ಲ. ಹಾಗೇ ಮುಂದುವರಿಯಲು ಆಗುತ್ತಿರಲಿಲ್ಲ. ಅದೇ ವರ್ಷದ ಕೊನೆಯ ಹೊತ್ತಿಗೆ ಯುರೋಪ್ ಮತ್ತು ಅಮೆರಿಕದಲ್ಲಿ ಸಣ್ಣ ಬಾಟಲಿ, ಒಂದೇ ಚೀಲ ಎನ್ನುವ ನಿಯಮ ಬಂತು. ಪೂರ್ತಿ ನಿಷೇಧಕ್ಕೂ ಪೂರ್ತಿ ಸಡಿಲಕ್ಕೂ ನಡುವಿನ ಗೆರೆ ಅದು. 100 ಎನ್ನುವ ಸಂಖ್ಯೆಯಲ್ಲಿ ಮಾಂತ್ರಿಕವಾದದ್ದು ಏನೂ ಇಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಿತ್ತು, ಎಳೆದರು.

ಹಳೆಯ ಎಕ್ಸ್-ರೇ ಯಂತ್ರದ ತೊಂದರೆ ಏನು ಗೊತ್ತಾ? ಅದು ಬ್ಯಾಗನ್ನು ಚಪ್ಪಟೆ ಚಿತ್ರವಾಗಿ ತೋರಿಸುತ್ತದೆ. ಒಂದರ ಮೇಲೊಂದು ಇರುವ ವಸ್ತುಗಳೆಲ್ಲ ಒಂದಕ್ಕೊಂದು ಬೆರೆತು ಕಾಣುತ್ತವೆ. ಸಾವಯವ ವಸ್ತುಗಳು ಕಿತ್ತಳೆ ಬಣ್ಣ, ಲೋಹ ನೀಲಿ. ನೀರು ಯಾವುದು, ನೀರಿನಂತಹ ಬೇರೆ ದ್ರವ ಯಾವುದು ಅಂತ ಆ ಚಿತ್ರದಲ್ಲಿ ಬೇರ್ಪಡಿಸುವುದು ಬಲು ಕಷ್ಟ. ಲ್ಯಾಪ್‌ಟಾಪ್ ತೆಗೆಸುವುದೂ ಇದಕ್ಕೇ. ಅದರ ಬ್ಯಾಟರಿ ಮತ್ತು ಲೋಹದ ತಗಡು ಕೆಳಗಿರುವ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಹೊಸ ಸಿಟಿ ಸ್ಕ್ಯಾನರ್ ಆಸ್ಪತ್ರೆಯಲ್ಲಿ ಇರುವಂಥದ್ದೇ ತತ್ವದ ಯಂತ್ರ. ಸುತ್ತಲಿಂದ ಚಿತ್ರ ತೆಗೆಯುತ್ತದೆ. ಪರದೆಯ ಮೇಲೆ ಬ್ಯಾಗನ್ನು ತಿರುಗಿಸಿ ತಿರುಗಿಸಿ ನೋಡಬಹುದು. ಅಂತಹ ಯಂತ್ರ ಇರುವಲ್ಲಿ ಏನನ್ನೂ ತೆಗೆಯುವುದು ಬೇಡ, ಇಲ್ಲದಲ್ಲಿ ಬೇಕು. ಒಂದೇ ನಿಲ್ದಾಣದ ಎರಡು ಸಾಲುಗಳಲ್ಲಿ ಎರಡು ಬಗೆಯ ಯಂತ್ರ ಇರಬಹುದು. ನಿಮಗೆ ಎರಡು ಮಾತು ಕೇಳಿಸುವುದು ಇದರಿಂದ.

ಹೊಸ ಯಂತ್ರ ಬಂದಿದೆ ಅಂತ ದೊಡ್ಡ ಬಾಟಲಿ ಹಿಡಿದು ಹೋಗಬೇಡಿ. ಯುರೋಪಿನಲ್ಲಿ ಕೆಲವು ನಿಲ್ದಾಣಗಳು ದೊಡ್ಡ ಬಾಟಲಿಗೆ ಒಪ್ಪಿಗೆ ಕೊಟ್ಟಿದ್ದವು. 2024ರ ಸೆಪ್ಟೆಂಬರ್ 1ರಿಂದ ಮತ್ತೆ 100 ಎಂಎಲ್‌ಗೇ ಇಳಿಸಿದರು. 2025ರ ಜುಲೈನಲ್ಲಿ ಕೆಲವು ಮಾದರಿಯ ಯಂತ್ರಗಳಿಗೆ ಮತ್ತೆ ಒಪ್ಪಿಗೆ ಸಿಕ್ಕಿತು. ಶೂ ಕಥೆಯೂ ಹಾಗೇ. 2001ರ ಡಿಸೆಂಬರ್‌ನಲ್ಲಿ ಒಬ್ಬ ಶೂ ಒಳಗೆ ಸ್ಫೋಟಕ ಇಟ್ಟುಕೊಂಡು ವಿಮಾನ ಹತ್ತಿದ್ದ. ಅಮೆರಿಕದಲ್ಲಿ 2006ರಿಂದ ಎಲ್ಲರೂ ಶೂ ಬಿಚ್ಚಬೇಕಾಯಿತು. ಅದನ್ನು ಕೈಬಿಟ್ಟಿದ್ದು 2025ರ ಜುಲೈನಲ್ಲಿ. ಪ್ರತಿ ನಿಯಮದ ಹಿಂದೆ ಒಂದು ಘಟನೆ ಇದೆ. ಅದನ್ನು ಕೈಬಿಡಲು ಯಾರಿಗೂ ಧೈರ್ಯ ಬರುವುದಿಲ್ಲ, ಹಾಗಾಗಿ ಬಹಳ ಕಾಲ ಉಳಿಯುತ್ತದೆ.

ದಾರಿಹೋಕ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಯಂತ್ರದ ವಿಷಯ ಒಪ್ಪಿದೆ. ಆದರೂ ನನ್ನ ದೂರು ಉಳಿದೇ ಇದೆ. ಈ ಸಾಲಿನಲ್ಲಿ ಯಾವ ಯಂತ್ರ ಇದೆ, ಏನು ತೆಗೆಯಬೇಕು ಅಂತ ಸಾಲು ಶುರುವಾಗುವ ಕಡೆಯೇ ದೊಡ್ಡದಾಗಿ ಬರೆದು ಹಾಕಬಹುದು ಅಲ್ವಾ? ಕೂಗಿ ಹೇಳುವುದಕ್ಕಿಂತ ಅದು ಎಷ್ಟೋ ಮೇಲು.

ಮೂರನೇಪಾಳಿ:

ಖಂಡಿತ ಹಾಕಬೇಕು. ಇದರಲ್ಲಿ ನನ್ನ ಮತ ನಿಮ್ಮ ಕಡೆಗೇ.

ಬೆಳಗಿನಸೂಜಿ:

ಸಂಜೆಮಳೆ ಅವರೇ, ನಾನೂ ಇನ್ಸುಲಿನ್ ಮೇಲಿರುವವಳು. ನಿಮ್ಮ ಅಮ್ಮನ ಔಷಧಿ ಬಗ್ಗೆ ಗಾಬರಿ ಬೇಡ. ಪ್ರಯಾಣಕ್ಕೆ ಬೇಕಾದ ಔಷಧಿಗೆ 100 ಎಂಎಲ್ ಮಿತಿ ಅನ್ವಯಿಸುವುದಿಲ್ಲ. ಆ ಜಿಪ್ ಚೀಲದೊಳಗೆ ತುರುಕಬೇಕಾಗಿಯೂ ಇಲ್ಲ. ಆದರೆ ಬೇರೆಯಾಗಿ ತೆಗೆದು ತೋರಿಸಿ, ಬಾಯಿಬಿಟ್ಟು ಹೇಳಬೇಕು.

ನಾನು ಮಾಡುವುದು ಹೀಗೆ. ಒಂದು ಸಣ್ಣ ಪೌಚ್. ಅದರಲ್ಲಿ ಪೆನ್, ಸೂಜಿಗಳು, ಮೀಟರ್, ಸ್ಟ್ರಿಪ್, ಡಾಕ್ಟರ ಚೀಟಿ. ಇನ್ಸುಲಿನ್ ಬಂದ ರಟ್ಟಿನ ಡಬ್ಬಿಯನ್ನು ಬಿಸಾಡುವುದಿಲ್ಲ. ಔಷಧಿ ಅಂಗಡಿಯವರು ಹೆಸರಿನ ಲೇಬಲ್ ಅಂಟಿಸಿದ್ದರೆ ಆ ಮುಖ ಹೊರಗೆ ಕಾಣುವಂತೆ ಇಡುತ್ತೇನೆ. ಡಾಕ್ಟರ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಇರಲಿ, ಕಂಪನಿ ಇಟ್ಟ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಚೀಟಿ ಇಂಗ್ಲಿಷಿನಲ್ಲಿ ಇದ್ದರೆ ವಾಸಿ. ಅದರಲ್ಲಿರುವ ಹೆಸರು, ಪಾಸ್‌ಪೋರ್ಟಿನಲ್ಲಿರುವ ಹೆಸರು ಎರಡೂ ಒಂದೇ ಇವೆಯಾ ಅಂತ ಈಗಲೇ ನೋಡಿಕೊಳ್ಳಿ.

ಇನ್ಸುಲಿನ್ ಯಾವತ್ತೂ ಚೆಕ್-ಇನ್ ಲಗೇಜ್‌ಗೆ ಹೋಗಬಾರದು. ಲಗೇಜ್ ತಪ್ಪಿಹೋದರೆ ಔಷಧಿಯೂ ಹೋಯಿತು. ಅಲ್ಲದೆ ವಿಮಾನದ ಕೆಳಗಿನ ಲಗೇಜ್ ಅಂಕಣದಲ್ಲಿ ಚಳಿ ಜಾಸ್ತಿ ಆಗಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸುವಂತಿಲ್ಲ. ತಣ್ಣಗಿಡಲು ಐಸ್ ಪ್ಯಾಕ್ ಹಾಕುವುದಾದರೆ ಸುತ್ತ ಬಟ್ಟೆ ಇರಲಿ, ಪೆನ್ನಿಗೆ ನೇರ ತಾಗಬಾರದು. ಪ್ಯಾಕ್ ಅರ್ಧ ಕರಗಿ ಪಿಚಪಿಚ ಅಂತಿದ್ದರೆ ಲಿಕ್ವಿಡ್ ಅಂತ ತಡೆಯಬಹುದು, ಆಗ ಔಷಧಿಗಾಗಿ ಇಟ್ಟದ್ದು ಅಂತ ಹೇಳಿ. ಈಗ ಬಳಸುತ್ತಿರುವ ಪೆನ್ನಿಗೆ ಐಸ್ ಬೇಕಾಗಿಯೇ ಇಲ್ಲ. ಹೆಚ್ಚಿನವು ಕೋಣೆಯ ಸಾಮಾನ್ಯ ಬಿಸಿಯಲ್ಲಿ ಸುಮಾರು ನಾಲ್ಕು ವಾರ ಚೆನ್ನಾಗಿರುತ್ತವೆ. ನಿಮ್ಮದಕ್ಕೆ ಎಷ್ಟು ದಿನ ಅಂತ ಡಬ್ಬಿಯೊಳಗಿನ ಹಾಳೆಯಲ್ಲಿ ಬರೆದಿರುತ್ತದೆ.

ಇನ್ನೊಂದು ವಿಷಯ. ಅಮ್ಮನ ತೋಳಿನಲ್ಲಿ ಸಕ್ಕರೆ ಅಳೆಯುವ ಸೆನ್ಸರ್ ಅಥವಾ ಸೊಂಟದಲ್ಲಿ ಇನ್ಸುಲಿನ್ ಪಂಪ್ ಇದೆಯಾ? ಇದ್ದರೆ ಅದರ ಕೈಪಿಡಿ ಓದಿ. ಕೆಲವನ್ನು ಎಕ್ಸ್-ರೇ ಒಳಗೆ ಕಳಿಸಬಾರದು, ಬಾಡಿ ಸ್ಕ್ಯಾನರ್‌ಗೂ ಹೋಗಬಾರದು ಅಂತ ತಯಾರಕರೇ ಬರೆದಿರುತ್ತಾರೆ. ಆಗ ಕೈಯಿಂದ ತಪಾಸಣೆ ಮಾಡಿ ಅಂತ ಕೇಳಿಕೊಳ್ಳಬಹುದು. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡುತ್ತಾರೆ. ಎಲ್ಲರೆದುರು ಬೇಡ, ಬೇರೆ ಕೋಣೆಯಲ್ಲಿ ಮಾಡಿ ಅಂತ ಕೇಳಲೂ ಹಿಂಜರಿಯಬೇಡಿ. ಬಹಳ ಕಡೆ ಅದಕ್ಕೆ ವ್ಯವಸ್ಥೆ ಇದೆ, ನೀವೂ ಜೊತೆಗೆ ಹೋಗಬಹುದು.

ಬಳಸಿದ ಸೂಜಿ ಹಾಕಲು ಗಟ್ಟಿ ಮುಚ್ಚಳದ ಒಂದು ಸಣ್ಣ ಡಬ್ಬಿ ಇಟ್ಟುಕೊಳ್ಳಿ. ಸೀಟಿನ ಜೇಬಿಗೆ ಹಾಕಿದರೆ ಶುಚಿ ಮಾಡುವವರ ಕೈಗೆ ಚುಚ್ಚುತ್ತದೆ.

ಸಂಜೆಮಳೆ:

ಬೆಳಗಿನಸೂಜಿ ಅವರೇ, ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಸೆನ್ಸರ್, ಪಂಪ್ ಎರಡೂ ಇಲ್ಲ, ಬರೀ ಪೆನ್. ಡಾಕ್ಟರ ಚೀಟಿಯಲ್ಲಿ ಅಮ್ಮನ ಹೆಸರು ಮೊಟಕಾಗಿ ಬರೆದಿದ್ದಾರೆ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಇದೆ. ಇವತ್ತೇ ಹೊಸದಾಗಿ ಬರೆಸಿಕೊಳ್ಳುತ್ತೇನೆ. ಪವರ್ ಬ್ಯಾಂಕ್ ಬಗ್ಗೆ ಯಾರಾದರೂ ಹೇಳ್ತೀರಾ?

ಕಿಟಕಿಪಕ್ಕ:

ನಾನು ಹೇಳ್ತೀನಿ. ಪವರ್ ಬ್ಯಾಂಕ್ ಕ್ಯಾಬಿನ್ ಬ್ಯಾಗ್‌ನಲ್ಲೇ ಇರಬೇಕು, ಚೆಕ್-ಇನ್ ಲಗೇಜ್‌ನಲ್ಲಿ ಇಡುವಂತೆಯೇ ಇಲ್ಲ. 100 ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ) ತನಕ ಸಾಮಾನ್ಯವಾಗಿ ಬಿಡುತ್ತಾರೆ. 100ರಿಂದ 160ರ ನಡುವೆ ಇದ್ದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 160 ದಾಟಿದರೆ ಇಲ್ಲ. ಪವರ್ ಬ್ಯಾಂಕ್ ಮೇಲೆ ಎಂಎಎಚ್ (mAh) ಮಾತ್ರ ಬರೆದಿದ್ದರೆ ಹೀಗೆ ಲೆಕ್ಕ ಹಾಕಿ: ಎಂಎಎಚ್ ಅನ್ನು 1000ದಿಂದ ಭಾಗಿಸಿ, ಒಳಗಿನ ಬ್ಯಾಟರಿಯ ವೋಲ್ಟ್‌ನಿಂದ ಗುಣಿಸಿ. ಅದು ಸಾಮಾನ್ಯವಾಗಿ 3.7. ಅಂದರೆ 20,000 ಎಂಎಎಚ್ ಇದ್ದರೆ 74 ವ್ಯಾಟ್-ಅವರ್. 27,000 ಇದ್ದರೆ 99.9, ಅಂಚಿನಲ್ಲಿದೆ. ಬರಹ ಅಳಿಸಿಹೋಗಿದ್ದರೆ ಅಂತಹ ಪವರ್ ಬ್ಯಾಂಕ್ ಒಯ್ಯಲೇಬೇಡಿ. ಅಳತೆ ಓದಲು ಆಗದಿದ್ದರೆ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುವ ಸಾಧ್ಯತೆ ಇದೆ.

ಈಗ ಇದಕ್ಕಿಂತ ಮುಖ್ಯವಾದ ಮಾತು. ಬರೀ ಕ್ಯಾಬಿನ್ ಬ್ಯಾಗ್‌ನಲ್ಲಿ ಹೋಗುವವರು ಯಾರೂ ಇದನ್ನು ಯೋಚಿಸುವುದಿಲ್ಲ. ವಿಮಾನ ತುಂಬಿದ್ದರೆ ಗೇಟ್ ಹತ್ತಿರ ಬಂದು, ಮೇಲೆ ಜಾಗ ಇಲ್ಲ, ನಿಮ್ಮ ಬ್ಯಾಗ್ ಕೆಳಗೆ ಹಾಕ್ತೀವಿ ಅಂತ ಚೀಟಿ ಕಟ್ಟಿ ಕಳಿಸಿಬಿಡುತ್ತಾರೆ. ನಮ್ಮ ಚಿಕ್ಕಪ್ಪನಿಗೆ ಹೀಗೇ ಆಯಿತು. ಹತ್ತುವ ಸಾಲಿನಲ್ಲಿ ನಿಂತಿದ್ದರು. ಸಿಬ್ಬಂದಿ ಬಂದು ಅವಸರದಲ್ಲಿ ಬ್ಯಾಗ್ ತೆಗೆದುಕೊಂಡು ಹೋದರು. ಒಳಗೆ ಔಷಧಿ, ಬ್ಯಾಟರಿ ಏನಾದರೂ ಇದೆಯಾ ಅಂತ ಒಂದು ಮಾತು ಕೇಳಲಿಲ್ಲ. ಚಿಕ್ಕಪ್ಪನ ಬಿಪಿ ಮಾತ್ರೆ ಅದರಲ್ಲೇ ಇತ್ತು. ಇಡೀ ಪ್ರಯಾಣ ಮಾತ್ರೆ ಇಲ್ಲದೆ ಕೂತರು. ಆ ಸಂಸ್ಥೆಗೆ ದೂರು ಬರೆದೆವು, ಸರಿಯಾದ ಉತ್ತರ ಬರಲಿಲ್ಲ. ನನಗೆ ಈಗಲೂ ಸಿಟ್ಟಿದೆ.

ಅದಕ್ಕೇ ಹೇಳುವುದು. ದೊಡ್ಡ ಬ್ಯಾಗ್ ಒಳಗೆ ಇನ್ನೊಂದು ಸಣ್ಣ ಚೀಲ ಇರಲಿ. ಔಷಧಿ, ಪವರ್ ಬ್ಯಾಂಕ್, ಕನ್ನಡಕ, ಪಾಸ್‌ಪೋರ್ಟ್, ಲ್ಯಾಪ್‌ಟಾಪ್ ಅದರಲ್ಲಿ. ಬ್ಯಾಗ್ ಕೇಳಿದ ಕೂಡಲೇ ಆ ಚೀಲ ಹೊರಗೆಳೆದು ಹೆಗಲಿಗೆ ಹಾಕಿಕೊಳ್ಳಬಹುದು. ಗೇಟ್ ಹತ್ತಿರ ನೆಲದ ಮೇಲೆ ಬ್ಯಾಗ್ ಬಿಚ್ಚಿ ಹುಡುಕುವ ಪಾಡು ತಪ್ಪುತ್ತದೆ.

ಮೂರನೇಪಾಳಿ:

ಕಿಟಕಿಪಕ್ಕ ಅವರ ಮಾತಿಗೆ ನನ್ನದೂ ಒತ್ತು. ಬ್ಯಾಟರಿ ಕೆಳಗೆ ಹೋಗಬಾರದು ಅನ್ನುವುದಕ್ಕೆ ಬಲವಾದ ಕಾರಣ ಇದೆ. ಲಿಥಿಯಂ ಬ್ಯಾಟರಿ ಒಳಗೇ ಬಿಸಿಯಾಗಿ ಹೊತ್ತಿಕೊಂಡರೆ ಆ ಬಿಸಿ ಒಂದು ಸೆಲ್‌ನಿಂದ ಪಕ್ಕದ ಸೆಲ್‌ಗೆ ದಾಟುತ್ತಾ ಹೋಗುತ್ತದೆ. ಸರಕು ಅಂಕಣದಲ್ಲಿರುವ ಬೆಂಕಿ ನಂದಿಸುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ತಗ್ಗಿಸಬಹುದು, ಈ ಸರಣಿಯನ್ನು ನಿಲ್ಲಿಸಲಾರದು. ಮೇಲೆ ಕ್ಯಾಬಿನ್‌ನಲ್ಲಿ ಹೊತ್ತಿಕೊಂಡರೆ ಜನ ನೋಡುತ್ತಾರೆ, ಸಿಬ್ಬಂದಿ ನೀರು ಸುರಿದು ತಣ್ಣಗೆ ಮಾಡುತ್ತಾರೆ.

2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೆ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ವಿಮಾನವೊಂದು ಸುಟ್ಟುಹೋಯಿತು. ಒಳಗಿದ್ದ 176 ಜನರೂ ಪಾರಾದರು. ಬೆಂಕಿ ಶುರುವಾದದ್ದು ತಲೆಯ ಮೇಲಿನ ಲಗೇಜ್ ಗೂಡಿನ ಕಡೆಯಿಂದ. ಪವರ್ ಬ್ಯಾಂಕ್ ಕಾರಣ ಇರಬಹುದು ಅಂತ ತನಿಖೆಯವರು ಹೇಳಿದರು. ಅದೇ ಮಾರ್ಚ್‌ನಿಂದ ಕೊರಿಯಾದ ವಿಮಾನಗಳಲ್ಲಿ ಪವರ್ ಬ್ಯಾಂಕನ್ನು ಮೇಲಿನ ಗೂಡಿನಲ್ಲಿ ಇಡುವಂತಿಲ್ಲ, ಕೈಗೆ ಸಿಗುವಂತೆ ಇರಬೇಕು. ಬೇರೆ ಕೆಲವು ಸಂಸ್ಥೆಗಳು ಹಾರಾಟದಲ್ಲಿ ಅದನ್ನು ಬಳಸುವುದನ್ನೇ ನಿಲ್ಲಿಸಿವೆ. ನಿಯಮ ಇರಲಿ ಬಿಡಲಿ, ಮುಂದಿನ ಸೀಟಿನ ಕೆಳಗೆ ಇಟ್ಟುಕೊಳ್ಳಿ. ಕೀಲಿಕೈ, ನಾಣ್ಯದ ಜೊತೆ ಒಂದೇ ಜೇಬಿನಲ್ಲಿ ಬೇಡ. ಉಬ್ಬಿದ್ದರೆ ಮನೆಯಲ್ಲೂ ಇಟ್ಟುಕೊಳ್ಳಬೇಡಿ.

ಉಣ್ಣೆದಾರ:

ಹೆಣಿಗೆಯವರ ಪರವಾಗಿ ನಾಲ್ಕು ಮಾತು. ಕಡ್ಡಿಗೆ ಬಹಳ ಕಡೆ ತಡೆಯಿಲ್ಲ. ಆದರೆ ಕೊನೆಯ ಮಾತು ಅಲ್ಲಿ ನಿಂತ ಅಧಿಕಾರಿಯದು. ಉಕ್ಕಿನ ಉದ್ದ ಕಡ್ಡಿ ಬಿಟ್ಟು ಬಿದಿರಿನ ಗಿಡ್ಡ ಕಡ್ಡಿ, ಅದರಲ್ಲೂ ಎರಡು ತುದಿಯನ್ನು ತಂತಿ ಜೋಡಿಸಿದ ಬಗೆಯದು ಒಯ್ಯಿರಿ. ಹೆಣೆದ ಭಾಗ ಕಡ್ಡಿಯಲ್ಲೇ ಇರಲಿ, ಏನಕ್ಕೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದು ವೇಳೆ ಕಡ್ಡಿ ಬಿಟ್ಟು ಹೋಗಿ ಅಂದರೆ ಹೆಣಿಗೆ ಬಿಚ್ಚಿ ಹೋಗಬಾರದಲ್ಲ, ಅದಕ್ಕೆ ಹೆಣಿಗೆಯ ಕಣ್ಣುಗಳಿಗೆ ಪೋಣಿಸಲು ಒಂದು ದಪ್ಪ ದಾರ, ಪ್ಲಾಸ್ಟಿಕ್ ಸೂಜಿ ಇಟ್ಟುಕೊಳ್ಳಲಿ. ತಿಂಗಳುಗಟ್ಟಲೆ ಹೆಣೆದದ್ದು ಉಳಿಯುತ್ತದೆ.

ಕತ್ತರಿ ಬೇಡವೇ ಬೇಡ. ಯುರೋಪಿನಲ್ಲಿ ಅಲಗು 6 ಸೆಂಟಿಮೀಟರ್ ಮೀರಬಾರದು, ಅಮೆರಿಕದಲ್ಲಿ 4 ಇಂಚಿನ ಒಳಗೆ ಅಂತ ಇದೆ, ಇನ್ನು ಕೆಲವು ಕಡೆ ಯಾವ ಕತ್ತರಿಯೂ ಇಲ್ಲ. ಉಗುರು ಕತ್ತರಿಸುವ ಕ್ಲಿಪ್ಪರ್‌ನಿಂದ ದಾರ ಚೆನ್ನಾಗಿಯೇ ತುಂಡಾಗುತ್ತದೆ.

ಹಳೇಕ್ಯಾಮರಾ:

ಸಂಜೆಮಳೆ ಅವರಿಗೆ ಸಂಬಂಧ ಇಲ್ಲದಿರಬಹುದು, ಆದರೂ ಯಾರಾದರೂ ಓದಿದರೆ ಉಪಯೋಗವಾಗಲಿ. ಮೇಲೆ ಹೇಳಿದ ಹೊಸ ಸಿಟಿ ಸ್ಕ್ಯಾನರ್ ಎಲ್ಲರಿಗೂ ವರ, ರೀಲ್ ಕ್ಯಾಮರಾದವರಿಗೆ ಮಾತ್ರ ಅಲ್ಲ. ಹಳೆಯ ಯಂತ್ರದಲ್ಲಿ ಕಡಿಮೆ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಪ್ರಮಾಣ) ಇರುವ ಫಿಲ್ಮ್ ಒಮ್ಮೆ ಹೋದರೆ ಅಂತಹ ತೊಂದರೆ ಇರಲಿಲ್ಲ. ಸಿಟಿಯಲ್ಲಿ ಒಮ್ಮೆ ಹೋದರೂ ಮಸುಕು ಬರಬಹುದು. ರೀಲುಗಳನ್ನು ಡಬ್ಬಿಯಿಂದ ತೆಗೆದು ಒಂದು ಪಾರದರ್ಶಕ ಚೀಲಕ್ಕೆ ಹಾಕಿ, ಕೈಯಲ್ಲಿ ನೋಡಿ ಅಂತ ವಿನಯದಿಂದ ಕೇಳಿ. ಸಾಲು ಚಿಕ್ಕದಿದ್ದಾಗ ಒಪ್ಪುವ ಸಾಧ್ಯತೆ ಹೆಚ್ಚು, ಹಾಗಾಗಿ ಬೇಗ ಹೋಗಿ. ಚೆಕ್-ಇನ್ ಲಗೇಜ್‌ನಲ್ಲಿ ಫಿಲ್ಮ್ ಇಡಲೇಬೇಡಿ, ಅಲ್ಲಿನ ಯಂತ್ರ ಇನ್ನೂ ಪ್ರಬಲ.

ಪುಟ್ಟನಅಮ್ಮ:

ಮಗುವಿನ ಹಾಲು, ಎದೆಹಾಲು, ಮಗುವಿನ ಆಹಾರಕ್ಕೂ ಔಷಧಿಯಂತೆಯೇ ವಿನಾಯಿತಿ ಇದೆ, ಪ್ರಯಾಣಕ್ಕೆ ಬೇಕಾದಷ್ಟು ಒಯ್ಯಬಹುದು. ಮೊದಲೇ ತೆಗೆದಿಟ್ಟು ಹೇಳಿ. ಕೆಲವು ಕಡೆ ಬಾಟಲಿಯನ್ನು ಬೇರೆ ಯಂತ್ರದಲ್ಲಿ ಪರೀಕ್ಷಿಸುತ್ತಾರೆ, ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

ನೀಲಿಚೀಲ:

ವಿಮಾನ ಬದಲಿಸುವವರಿಗೆ ಒಂದು ಎಚ್ಚರಿಕೆ ಬಿಟ್ಟುಹೋಗಿತ್ತು. ಒಳಗಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಸೆಂಟು, ಎಣ್ಣೆ ಏನಾದರೂ ಕೊಂಡರೆ ಅಂಚಿಗೆ ಕೆಂಪು ಪಟ್ಟಿ ಇರುವ ಚೀಲದಲ್ಲಿ ಹಾಕಿ ಸೀಲ್ ಮಾಡಿ ಕೊಡುತ್ತಾರೆ. ರಸೀದಿ ಒಳಗೇ ಕಾಣುವಂತೆ ಇರಬೇಕು. ಕೊನೆಯ ಊರು ತಲುಪುವ ತನಕ ಆ ಸೀಲ್ ಮುರಿಯಬಾರದು. ವಿಮಾನದಲ್ಲಿ ಕೂತು ಬಿಚ್ಚಿ ನೋಡಿದರೆ ಮುಂದಿನ ತಪಾಸಣೆಯಲ್ಲಿ ಅದು ಬರೀ ದೊಡ್ಡ ಬಾಟಲಿ, ಅಷ್ಟೇ. ಸಮಯ ಕಡಿಮೆ ಇರುವಾಗ ಆ ಜಗ್ಗಾಟವೇ ಬೇಡ. ಏನಾದರೂ ಕೊಳ್ಳಬೇಕಿದ್ದರೆ ಕೊನೆಯ ವಿಮಾನಕ್ಕೆ ಮೊದಲು ಕೊಳ್ಳಿ.

ಇನ್ನೊಂದು, ಬದಲಿಸುವ ಕಡೆ ಮತ್ತೆ ಸೆಕ್ಯುರಿಟಿ ಚೆಕ್ ಇರುತ್ತದೆ ಅಂತಲೇ ಅಂದುಕೊಂಡು ಹೋಗಿ. ಮೊದಲ ತಪಾಸಣೆಯ ನಂತರ ತುಂಬಿಸಿದ ನೀರನ್ನು ಇಳಿಯುವ ಮೊದಲೇ ಕುಡಿದು ಮುಗಿಸಿ.

ಸಂಜೆಮಳೆ:

ಎಲ್ಲರಿಗೂ ಮನಸಾರೆ ಧನ್ಯವಾದ. ಹೀಗೆ ಮಾಡುತ್ತೇವೆ: ಔಷಧಿ ಪೌಚ್, ಪವರ್ ಬ್ಯಾಂಕ್, ಕಾಗದಪತ್ರ ಒಂದು ಹೆಗಲ ಚೀಲದಲ್ಲಿ. ಲಿಕ್ವಿಡ್ ಚೀಲ ಬ್ಯಾಗ್‌ನ ಹೊರ ಜೇಬಿನಲ್ಲಿ. ಅಮ್ಮನಿಗೆ ಬಿದಿರಿನ ಕಡ್ಡಿ ತಂದಿದ್ದೇನೆ, ಹಿಡಿತ ಚೆನ್ನಾಗಿದೆ ಅಂದರು. ನನ್ನ ಪವರ್ ಬ್ಯಾಂಕ್ 30,000 ಎಂಎಎಚ್, ಅಂದರೆ 111 ವ್ಯಾಟ್-ಅವರ್ ಬಂತು. ಅದನ್ನು ಬಿಟ್ಟು ತಮ್ಮನ 10,000ದ್ದು ಒಯ್ಯುತ್ತೇನೆ.

ಕೊನೆಯದಾಗಿ ಮೂರನೇಪಾಳಿ ಅವರಲ್ಲಿ ಒಂದು ಪ್ರಶ್ನೆ. ಟ್ರೇ ಹತ್ತಿರ ಅಮ್ಮನನ್ನು ಮೊದಲು ಕಳಿಸಲಾ, ನಾನು ಮೊದಲು ಹೋಗಲಾ? ಕೈಕೋಲನ್ನು ಯಂತ್ರದೊಳಗೆ ಹಾಕಬೇಕು ಅಂತಾರಂತೆ. ಅದಿಲ್ಲದೆ ಅವರು ನಾಲ್ಕು ಹೆಜ್ಜೆ ನಡೆಯುವುದೂ ಕಷ್ಟ.

ಮೂರನೇಪಾಳಿ:

ಅಮ್ಮ ಮೊದಲು, ನೀವು ಅವರ ಹಿಂದೆಯೇ. ಮುಂದೆ ಹೋಗಿಬಿಟ್ಟರೆ ನೀವು ಹಿಂದಕ್ಕೆ ಬರಲು ಆಗುವುದಿಲ್ಲ.

ಸಾಲಿಗೆ ಸೇರುವ ಮೊದಲೇ ಬೆಂಚಿನ ಮೇಲೆ ಕೂತು ಫೋನ್, ವಾಚ್, ನಾಣ್ಯ, ಬೆಲ್ಟ್ ಎಲ್ಲವನ್ನೂ ಬ್ಯಾಗ್‌ನ ಜಿಪ್ ಜೇಬಿಗೆ ಹಾಕಿಬಿಡಿ. ಟ್ರೇಯಲ್ಲಿ ಬಿಡಿಬಿಡಿಯಾಗಿ ಇಟ್ಟ ಸಣ್ಣ ಸಾಮಾನೇ ಕಳೆಯುವುದು. ಬ್ಯಾಗ್ ಒಳಗೆ ಚಾರ್ಜರ್ ವೈರುಗಳನ್ನು ಒಂದೇ ಕಡೆ ಉಂಡೆ ಸುತ್ತಿ ತುರುಕಬೇಡಿ, ಪುಸ್ತಕಗಳ ಮೇಲೆ ಪುಸ್ತಕ ಪೇರಿಸಬೇಡಿ. ಪರದೆಯಲ್ಲಿ ಕಪ್ಪು ಗಡ್ಡೆಯಂತೆ ಕಂಡರೆ ಬಿಚ್ಚಿ ನೋಡಲೇಬೇಕಾಗುತ್ತದೆ.

ಟ್ರೇ ಸಾಗುವ ಬೆಲ್ಟ್ ಹತ್ತಿರ ಬಂದ ಕೂಡಲೇ ಎರಡು ವಿಷಯ ಹೇಳಿ. ಅಮ್ಮನ ಬಳಿ ಇನ್ಸುಲಿನ್, ಸೂಜಿ ಇವೆ. ಅಮ್ಮನಿಗೆ ಕೋಲಿಲ್ಲದೆ ನಡೆಯಲಾಗದು. ಕೋಲು ಯಂತ್ರದೊಳಗೆ ಹೋಗುವುದು ಹೌದು. ಆದರೆ ಅಷ್ಟು ಹೊತ್ತು ಕೈ ಹಿಡಿಯಲು ಸಿಬ್ಬಂದಿಯನ್ನು ಕೇಳಬಹುದು, ಕುರ್ಚಿಯನ್ನೂ ಕೇಳಬಹುದು. ಕೆಲವು ಕಡೆ ಅಲ್ಲೇ ಇರುವ ಮರದ ಕೋಲನ್ನು ದಾಟುವಷ್ಟು ಹೊತ್ತಿಗೆ ಕೊಡುತ್ತಾರೆ. ಟಿಕೆಟ್ ಕಾಯ್ದಿರಿಸಿದ ಸಂಸ್ಥೆಗೆ ಈಗಲೇ ಫೋನ್ ಮಾಡಿ ಸಹಾಯ ಬೇಕು ಅಂತ ದಾಖಲಿಸಿದರೆ ಇನ್ನೂ ಸುಲಭ. ಗಾಲಿಕುರ್ಚಿಯ ಜೊತೆ ಬರುವ ಸಹಾಯಕರು ಬೇರೆ ಸಾಲಿನಿಂದ ಕರೆದುಕೊಂಡು ಹೋಗುತ್ತಾರೆ, ವಿಮಾನ ಬದಲಿಸುವ ಕಡೆಯೂ ಗೇಟ್ ತನಕ ಬರುತ್ತಾರೆ.

ಮುಂದಿನವರು ದಾಟಿ ಅಮ್ಮನ ಸರದಿ ಬರುವವರೆಗೆ ಅವರ ಚೀಲವನ್ನು ಒಳಗೆ ತಳ್ಳಬೇಡಿ. ಹಿಂದಿನವರು ಅವಸರಿಸಿದರೆ ಅವರಿಗೆ ದಾರಿ ಬಿಟ್ಟುಕೊಡಿ. ಅಮ್ಮ ಆ ಕಡೆ ದಾಟಿ ಕೋಲು ಕೈಗೆ ಬಂದ ಮೇಲೆ ನೀವು ನಿಮ್ಮ ಲ್ಯಾಪ್‌ಟಾಪ್ ಇಡಿ.